ಕಡ್ಡಿ ಕಟ್ಟು, ಬುಗುರಿ ತಿರುಪು, ಸ್ಟೀಲ್ ಓಪನರ್, ಥೆರಾಬೈಟ್: ಕ್ಯಾನ್ಸರ್ ಚಿಕಿತ್ಸೆಯ ನಂತರ ಹಿಡಿದ ಬಾಯಿಗೆ ಯಾವುದು ಕೊಳ್ಳಬೇಕು?

ಬಾಯಿ ಕ್ಯಾನ್ಸರಿಗೆ ಆಪರೇಷನ್ ಆಗಿ, ಆಮೇಲೆ ರೇಡಿಯೇಷನ್ನೂ ಮುಗಿಸಿ ಮನೆಗೆ ಬಂದವರಲ್ಲಿ ಹಲವರಿಗೆ ಎರಡು ಮೂರು ತಿಂಗಳಲ್ಲಿ ಹೊಸ ತೊಂದರೆ ಶುರುವಾಗುತ್ತದೆ. ಮೊದಲು ಅಕ್ಕಿ ರೊಟ್ಟಿಯನ್ನು ಮಡಚಿ ಬಾಯಿಗಿಡಲು ಆಗುವುದಿಲ್ಲ. ಆಮೇಲೆ ಊಟದ ಚಮಚ ಹಲ್ಲಿಗೆ ತಾಗುತ್ತದೆ. ಕೊನೆಗೆ ಹಲ್ಲುಜ್ಜುವ ಬ್ರಷ್ಷೇ ಒಳಗೆ ಹೋಗುವುದಿಲ್ಲ. ರೇಡಿಯೇಷನ್ನಿಗೆ ಹಳ್ಳಿಯ ಕಡೆ ‘ಕರೆಂಟು’ ಎನ್ನುವ ಮನೆಯವರು ‘ಕರೆಂಟು ಕೊಟ್ಟ ಮೇಲೆ ಹಾಗೇ ಇರ್ತದೆ, ತನ್ನಿಂದ ತಾನೇ ಸರಿಹೋಗ್ತದೆ’ ಎಂದು ಕಾಯುತ್ತಾರೆ. ಕಾದಷ್ಟೂ ಕೆಡುವ ತೊಂದರೆ ಇದು.

ರೇಡಿಯೇಷನ್ ತಾಗಿದ ಅಗಿಯುವ ಸ್ನಾಯುಗಳಲ್ಲಿ ನಿಧಾನವಾಗಿ ನಾರು ಕಟ್ಟುತ್ತದೆ, ಸ್ನಾಯು ಬಿಗಿದು ಗಿಡ್ಡವಾಗುತ್ತದೆ. ಚಿಕಿತ್ಸೆ ಮುಗಿದ ಮೊದಲ ಒಂಬತ್ತು ತಿಂಗಳು ಈ ಬಿಗಿತ ಬೇಗ ಬೇಗ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ವೈದ್ಯರು ಇದನ್ನು ಟ್ರಿಸ್ಮಸ್ ಎನ್ನುತ್ತಾರೆ. ಮೇಲಿನ ಮುಂಹಲ್ಲಿನ ತುದಿಯಿಂದ ಕೆಳಗಿನ ಮುಂಹಲ್ಲಿನ ತುದಿಗೆ 35 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಟ್ರಿಸ್ಮಸ್ ಎಂಬ ಗೆರೆಯನ್ನು 2006ರಲ್ಲಿ ನೆದರ್ಲೆಂಡ್ಸಿನ ಡಿಕ್‌ಸ್ಟ್ರಾ ಮತ್ತು ಸಂಗಡಿಗರು ಹಾಕಿಕೊಟ್ಟರು. ಈಗ ಹೆಚ್ಚಿನ ಕಡೆ ಅದನ್ನೇ ಬಳಸುತ್ತಾರೆ. ಅಳತೆಪಟ್ಟಿ ಇಲ್ಲದವರು ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಬಹುದು. ಮೂರೂ ಹೋದರೆ ಸದ್ಯಕ್ಕೆ ಚಿಂತೆಯಿಲ್ಲ. ಎರಡೇ ಹೋದರೆ ಅವತ್ತಿನಿಂದಲೇ ವ್ಯಾಯಾಮ ಬೇಕು.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ವರ್ಷಗಟ್ಟಲೆ ಎಲೆ ಅಡಿಕೆ, ಕವಳ, ಗುಟ್ಕಾ ಹಾಕಿದವರ ಕೆನ್ನೆಯ ಒಳಪೊರೆ ಕ್ಯಾನ್ಸರಿಗೆ ಮುಂಚೆಯೇ ಬಿಳಿಚಿ ಗಟ್ಟಿಯಾಗಿರುತ್ತದೆ. ಮೊದಲೇ ಬಿಗಿದ ಬಾಯಿಗೆ ಆಪರೇಷನ್ನಿನ ಕಲೆ, ಅದರ ಮೇಲೆ ರೇಡಿಯೇಷನ್ನಿನ ನಾರು. ಹೀಗಾಗಿ ಬೇರೆ ದೇಶಗಳ ಪ್ರಯೋಗಗಳಲ್ಲಿ ಬಂದ ಮಿಲಿಮೀಟರ್ ಲೆಕ್ಕ ಇಲ್ಲಿಯವರಿಗೂ ಹಾಗೇ ಬರುತ್ತದೆ ಎಂದು ಭರವಸೆ ಕೊಡಲಾಗದು. ದಾರಿ ಮಾತ್ರ ಒಂದೇ: ದಿನಕ್ಕೆ ಹಲವು ಸಲ, ನಿಧಾನವಾಗಿ ಎಳೆದು, ಹಿಡಿದು ನಿಲ್ಲಿಸುವುದು.

ಅದಕ್ಕೆ ಬಳಸುವ ಸಾಧನ ನಾಲ್ಕು ಬಗೆ. ಶಿವಮೊಗ್ಗದ ಸರ್ಜಿಕಲ್ ಅಂಗಡಿಗಳಲ್ಲಿ ಮತ್ತು ಆನ್‌ಲೈನಿನಲ್ಲಿ ಕೇಳುವವರು ಸಾಮಾನ್ಯವಾಗಿ ಬೆಲೆ ನೋಡಿ ಆರಿಸುತ್ತಾರೆ. ಇಲ್ಲಿ ಬೇರೆ ಮೂರು ವಿಷಯ ನೋಡಿದೆ: ಬಲ ಎಷ್ಟು ಹಲ್ಲುಗಳಿಗೆ ಹಂಚಿಹೋಗುತ್ತದೆ, ಬಲವನ್ನು ರೋಗಿಯ ಕೈಯೇ ಹಿಡಿತದಲ್ಲಿ ಇಡುತ್ತದೆಯೇ, ಮತ್ತು ತಿಂಗಳುಗಟ್ಟಲೆ ಯಾರ ಸಹಾಯವೂ ಇಲ್ಲದೆ ಮನೆಯಲ್ಲಿ ಬಳಸಬಹುದೇ. ಮೂರನೆಯದು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಚಿಕಿತ್ಸೆ ಆದದ್ದು ಬೆಂಗಳೂರಿನ ಕಿದ್ವಾಯಿಯಲ್ಲೋ ಘಟ್ಟದ ಕೆಳಗಿನ ಮಣಿಪಾಲದಲ್ಲೋ ಇರುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ವಾರಕ್ಕೊಮ್ಮೆ ಫಿಸಿಯೋಥೆರಪಿಗೆಂದು ಆಗುಂಬೆ ಇಳಿದು ಹತ್ತುವುದು ಆಗದ ಮಾತು, ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಮೊದಲು ಕಡ್ಡಿ ಕಟ್ಟು. ಗಂಟಲು ನೋಡಲು ವೈದ್ಯರು ನಾಲಿಗೆ ಒತ್ತುವ ಚಪ್ಪಟೆ ಮರದ ಕಡ್ಡಿ ಇದಕ್ಕೆ ಸಾಕು. ಸರ್ಜಿಕಲ್ ಅಂಗಡಿಯಲ್ಲಿ ನೂರು ಕಡ್ಡಿಯ ಪೊಟ್ಟಣ ಸಿಗುತ್ತದೆ, ಇಡೀ ಮನೆಯವರು ಒಂದು ಹೊತ್ತು ಹೋಟೆಲಿನಲ್ಲಿ ಉಣ್ಣುವಷ್ಟೂ ಖರ್ಚಿಲ್ಲ. ಒಂದು ಕಡ್ಡಿಯ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್. ಐಸ್‌ಕ್ರೀಂ ಕಡ್ಡಿಯೂ ಆಗುತ್ತದೆ, ಅದು ಸುಮಾರು 2 ಮಿಲಿಮೀಟರ್ ದಪ್ಪ. ಆದರೆ ಎರಡನ್ನೂ ಬೆರೆಸಬೇಡಿ, ಲೆಕ್ಕ ತಪ್ಪುತ್ತದೆ. ಮಕ್ಕಳ ಕರಕುಶಲಕ್ಕೆ ಮಾರುವ ಬಣ್ಣದ ಕಡ್ಡಿ ಬೇಡವೇ ಬೇಡ, ಬಣ್ಣ ಬಾಯಲ್ಲಿ ಬಿಡುತ್ತದೆ. ಬಿದಿರು ಸೀಳಿಯೋ ಅಡಿಕೆ ದಬ್ಬೆ ಕೆತ್ತಿಯೋ ಮನೆಯಲ್ಲೇ ಮಾಡಿಕೊಳ್ಳುವ ಆಸೆ ಬರಬಹುದು. ಎಷ್ಟು ನುಣುಪಾಗಿ ಹೆರೆದರೂ ಸಿಬಿರು ಏಳುತ್ತದೆ. ಜೊಲ್ಲು ಬತ್ತಿ ತೆಳುವಾದ ಬಾಯಿಯ ಪೊರೆಗೆ ಒಂದು ಸಿಬಿರು ಚುಚ್ಚಿದರೂ ಹುಣ್ಣಾಗಿ ಮಾಯಲು ವಾರಗಳು ಬೇಕು.

ಬಳಸುವ ಕ್ರಮ ಹೀಗೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಕೆನ್ನೆ ಮತ್ತು ಕಿವಿಯ ಮುಂದೆ ಐದು ಹತ್ತು ನಿಮಿಷ ಇಡಿ. ಆಪರೇಷನ್, ರೇಡಿಯೇಷನ್ ಆದ ಚರ್ಮಕ್ಕೆ ಸ್ಪರ್ಶ ಮಂದವಾಗಿರುತ್ತದೆ, ಸುಟ್ಟರೂ ಗೊತ್ತಾಗದು. ಆದ್ದರಿಂದ ಟವೆಲಿನ ಬಿಸಿಯನ್ನು ಮೊದಲು ಮುಂಗೈಯ ಒಳಮೈಗೆ ತಾಗಿಸಿ ನೋಡಬೇಕು. ಆಮೇಲೆ ಯಾವ ಸಾಧನವೂ ಇಲ್ಲದೆ ಬಾಯಿ ತೆರೆಯುವುದು, ದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸುವುದು, ಪ್ರತಿಯೊಂದೂ ಐದು ಸಲ. ಈಗ ಸುಲಭವಾಗಿ ಹಿಡಿಯುವಷ್ಟು ಕಡ್ಡಿಗಳನ್ನು ಜೋಡಿಸಿ, ಎರಡು ತುದಿಗೂ ತೆಳುವಾದ ಗಾಜ್ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಸುತ್ತಿ, ಮುಂಹಲ್ಲಿನಿಂದ ಸ್ವಲ್ಪ ಹಿಂದೆ ಒಂದು ಪಕ್ಕದಲ್ಲಿ ಇಡಿ. ಕಟ್ಟಿನ ನಟ್ಟನಡುವೆ ಒಂದು ಹೊಸ ಕಡ್ಡಿಯನ್ನು ಮೆಲ್ಲನೆ ತಳ್ಳಿ. ಮೇಲೋ ಕೆಳಗೋ ತಳ್ಳಿದರೆ ಕಡ್ಡಿ ನೇರ ಹಲ್ಲಿಗೆ, ವಸಡಿಗೆ ಉಜ್ಜುತ್ತದೆ. ನಡುವೆ ತಳ್ಳಿದರೆ ಮರದ ಮೇಲೆ ಮರ ಜಾರುತ್ತದೆ. ಎಳೆತ ಗೊತ್ತಾಗಬೇಕು, ಕಣ್ಣಲ್ಲಿ ನೀರು ಬರಬಾರದು. 30 ಸೆಕೆಂಡು ಹಿಡಿದು ತೆಗೆಯಿರಿ, ಸ್ವಲ್ಪ ವಿರಾಮ, ಮತ್ತೆ. ಮುಂದಿನ ಸಲ ಇನ್ನೊಂದು ಪಕ್ಕ. ಒಂದೇ ಪಕ್ಕ ಮಾಡುತ್ತಿದ್ದರೆ ದವಡೆ ಓರೆಯಾಗಿ ತೆರೆಯಲು ಕಲಿಯುತ್ತದೆ.

ಎಷ್ಟು ಸಲ? ಬಳಕೆಯಲ್ಲಿರುವ ಲೆಕ್ಕ ಎರಡು. ದಿನಕ್ಕೆ 5 ಬಾರಿ, ಪ್ರತಿ ಬಾರಿ 5 ಎಳೆತ, ಪ್ರತಿ ಎಳೆತ 30 ಸೆಕೆಂಡು ಎಂಬುದು ಒಂದು. ದಿನಕ್ಕೆ 7 ಬಾರಿ, 7 ಎಳೆತ, 7 ಸೆಕೆಂಡು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಎಳೆತದ ಸಮಯ ದಿನಕ್ಕೆ ಹನ್ನೆರಡೂವರೆ ನಿಮಿಷ, ಎರಡನೆಯದರಲ್ಲಿ ಆರು ನಿಮಿಷಕ್ಕಿಂತ ಕಡಿಮೆ. ಕಡ್ಡಿಗೆ ಮೊದಲನೆಯದು ಹೊಂದುತ್ತದೆ, ಯಾಕೆಂದರೆ ಏಳು ಸೆಕೆಂಡಿಗೊಮ್ಮೆ ಕಟ್ಟು ಬಿಚ್ಚಿ ಜೋಡಿಸುವುದರಲ್ಲೇ ತಾಳ್ಮೆ ಹೋಗುತ್ತದೆ. ಯಾವುದೇ ಆದರೂ ಜಗ್ಗಿ ಎಳೆಯಬಾರದು. ರಭಸದಿಂದ ಎಳೆದಾಗ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ. ನಾರು ಹಿಗ್ಗುವುದು ಹಿಡಿದು ನಿಲ್ಲಿಸಿದಾಗ ಮಾತ್ರ. ವ್ಯಾಯಾಮ ಮುಗಿದು ಅರ್ಧ ಗಂಟೆಯಾದರೂ ನೋವು ಇಳಿಯದಿದ್ದರೆ ಅಂದಿನ ಎಳೆತ ಹೆಚ್ಚಾಯಿತೆಂದು ತಿಳಿದು, ಮಾರನೆಯ ದಿನ ಒಂದೆರಡು ಕಡ್ಡಿ ಕಡಿಮೆ ಮಾಡಿ. ಪೂರ್ತಿ ಬಿಡಬೇಡಿ.

ಕಡ್ಡಿಯ ದೊಡ್ಡ ಶತ್ರು ನಮ್ಮ ಮಳೆ. ಆಷಾಢದ ಥಂಡಿಯಲ್ಲಿ ಒದ್ದೆ ಕಡ್ಡಿ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಕುದಿಸಿದರೆ ಸೊಟ್ಟಗಾಗುತ್ತದೆ. ರೇಡಿಯೇಷನ್ ಆದ ಬಾಯಿಗೆ ಬೂಸ್ಟಿನ ಸೋಂಕು ಮೊದಲೇ ಸಲೀಸು. ಬಳಸದ ಕಡ್ಡಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರಲಿ. ಬಳಸಿದ ಕಟ್ಟನ್ನು ತೊಳೆದು, ಒರೆಸಿ, ಬಿಡಿಬಿಡಿಯಾಗಿ ಆರಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿ. ಗಾಜ್ ಮಾತ್ರ ಪ್ರತಿ ಸಲ ಹೊಸದು. ಇಷ್ಟು ಮಾಡಿದರೂ ಇದು ನಾಲ್ಕರಲ್ಲಿ ಅತಿ ಅಗ್ಗದ್ದೇ.

ಇನ್ನು ಬುಗುರಿ ತಿರುಪು. ಪ್ಲಾಸ್ಟಿಕ್ಕಿನದೋ ಅಕ್ರಿಲಿಕ್ಕಿನದೋ ಶಂಕುವಿನಾಕಾರ, ಮೈತುಂಬ ತಿರುಪಿನ ಗೆರೆ. ತೆಳು ತುದಿಯನ್ನು ಹಿಂದಿನ ಹಲ್ಲುಗಳ ನಡುವೆ ಇಟ್ಟು ತಿರುಗಿಸಿದಂತೆ ದಪ್ಪ ಭಾಗ ಒಳಗೆ ಬಂದು ಬಾಯಿ ತೆರೆಯುತ್ತದೆ. ಬಹಳ ಬಿಗಿದ ಬಾಯಿಗೂ ತುದಿ ಹೋಗುತ್ತದೆ, ತೊಳೆಯುವುದು ಸುಲಭ, ಮಳೆಗಾಲದ ಕಾಟವಿಲ್ಲ. ತೊಂದರೆ ಇರುವುದು ಬಲದಲ್ಲಿ. ಪೂರ್ತಿ ಒತ್ತಡ ಮೇಲಿನ ಒಂದು ಹಲ್ಲು, ಕೆಳಗಿನ ಒಂದು ಹಲ್ಲಿನ ಮೇಲೆ ಬೀಳುತ್ತದೆ. ಅಲ್ಲಿ ಕ್ಯಾಪ್ ಹಾಕಿದ್ದರೆ, ದೊಡ್ಡ ಫಿಲ್ಲಿಂಗ್ ಇದ್ದರೆ ಒಡೆಯಬಹುದು. ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಒಡೆದರೆ ಅದು ಬರೀ ಹಲ್ಲಿನ ವಿಷಯವಾಗಿ ಉಳಿಯುವುದಿಲ್ಲ. ಅದನ್ನು ಕೀಳಿಸಿದ ಜಾಗ ಮಾಯದೆ ಮೂಳೆಯೇ ಸಾಯುವ ಅಪಾಯವಿದೆ. ದಂತವೈದ್ಯರು ಬಾಯಿ ನೋಡಿ, ಯಾವ ಹಲ್ಲಿನ ಮೇಲೆ ಇಡಬೇಕೆಂದು ಬೆರಳಿಟ್ಟು ತೋರಿಸಿದರೆ ಮಾತ್ರ ಕೊಳ್ಳಿ. ಹಲ್ಲಿಲ್ಲದವರಿಗೆ ಇದು ಆಗುವುದಿಲ್ಲ, ವಸಡು ಸೀಳುತ್ತದೆ.

ಸ್ಟೀಲ್ ಓಪನರ್, ಅಂಗಡಿಯವರ ಬಾಯಲ್ಲಿ ಹೀಸ್ಟರ್, ಮನೆಗೆ ಬೇಡ. ಎರಡು ಲೋಹದ ನಾಲಿಗೆ, ನಡುವೆ ಒಂದು ತಿರುಪು. ಆಪರೇಷನ್ ಕೋಣೆಯಲ್ಲಿ, ದಂತವೈದ್ಯರ ಕುರ್ಚಿಯಲ್ಲಿ ಬಳಸಲು ಮಾಡಿದ ಉಪಕರಣ ಇದು. ತಿರುಪಿನ ಅರ್ಧ ಸುತ್ತಿಗೆ ಎಷ್ಟು ಬಲ ಬಿದ್ದಿತೆಂದು ತಿರುಗಿಸುವ ಕೈಗೆ ತಿಳಿಯುವುದಿಲ್ಲ, ಮುಂಹಲ್ಲು ಅಲುಗಿದ ಮೇಲೆ ತಿಳಿಯುತ್ತದೆ. ‘ಗಟ್ಟಿಮುಟ್ಟು, ಬಹಳ ಕಾಲ ಬರ್ತದೆ’ ಎಂಬ ಮಾತಿಗೆ ಮರುಳಾಗಬೇಡಿ.

ಥೆರಾಬೈಟ್ ಸ್ವೀಡನ್ನಿನ ಆಟೋಸ್ ಮೆಡಿಕಲ್ ಕಂಪನಿಯದು. ಕುದುರೆ ಲಾಳದ ಆಕಾರದ ಎರಡು ಫಲಕ ಮೇಲಿನ, ಕೆಳಗಿನ ಹಲ್ಲುಸಾಲಿಗೆ ಕೂರುತ್ತವೆ. ಹಿಡಿಕೆ ಅದುಮಿದರೆ ಅವು ದೂರ ಸರಿಯುತ್ತವೆ. ಬಲ ಹಲವು ಹಲ್ಲುಗಳಿಗೆ ಹಂಚಿಹೋಗುತ್ತದೆ. ದವಡೆ ತೆರೆಯುವಾಗ ಸಹಜವಾಗಿ ಹಿಡಿಯುವ ಬಾಗಿದ ದಾರಿಯಲ್ಲೇ ಸಾಧನವೂ ಚಲಿಸುತ್ತದೆ. ಎಲ್ಲಕ್ಕಿಂತ ಒಳ್ಳೆಯದೆಂದರೆ ಅದುಮುವುದು ರೋಗಿಯ ಕೈಯೇ, ಬಿಟ್ಟ ಕೂಡಲೇ ಒತ್ತಡ ಇಳಿಯುತ್ತದೆ. ಸಾಧನವಾಗಿ ನಾಲ್ಕರಲ್ಲಿ ಇದೇ ಉತ್ತಮ, ಅದರಲ್ಲಿ ಅನುಮಾನವಿಲ್ಲ. ಬೆಲೆ ಮಾತ್ರ ವಿದೇಶದಲ್ಲೇ ನೂರಾರು ಡಾಲರ್, ಇಲ್ಲಿಗೆ ತರಿಸಿದರೆ ಹತ್ತಾರು ಸಾವಿರ ರೂಪಾಯಿ. ಫಲಕದ ಮೇಲೆ ಅಂಟಿಸುವ ಮೆತ್ತೆ ಸವೆಯುತ್ತದೆ, ಅದನ್ನೂ ತರಿಸಬೇಕು. ಒಂದು ಬೆರಳೂ ಹೋಗದ ಬಾಯಿಗೆ ಫಲಕ ತೂರಿಸುವುದೇ ಕಷ್ಟ. ಕೈಯಲ್ಲಿ ಹಿಡಿತ ಕಡಿಮೆಯಾದ ವಯಸ್ಸಾದವರಿಗೆ ಅದುಮಿ ಹಿಡಿಯುವುದೂ ಕಷ್ಟ.

ಅಷ್ಟು ದುಡ್ಡಿಗೆ ತಕ್ಕ ಫಲವಿದೆಯೇ? 1993ರಲ್ಲಿ ಬುಚ್‌ಬೈಂಡರ್ ಮತ್ತು ಸಂಗಡಿಗರು ರೇಡಿಯೇಷನ್ ಆದ 21 ಜನರನ್ನು ಮೂರು ಗುಂಪು ಮಾಡಿ ಹತ್ತು ವಾರ ನೋಡಿದರು. ಥೆರಾಬೈಟ್ ಬಳಸಿದವರ ಬಾಯಿ ಸರಾಸರಿ 13.6 ಮಿಲಿಮೀಟರ್ ಹೆಚ್ಚು ತೆರೆಯಿತು. ಕಡ್ಡಿಯವರಿಗೂ ಬರೀ ವ್ಯಾಯಾಮದವರಿಗೂ ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಡಿಮೆ. ಮಾರಾಟಗಾರರು ಇಂದಿಗೂ ತೋರಿಸುವ ಅಂಕಿ ಇದೇ. ಗುಂಪಿಗೆ ಹತ್ತು ಜನರೂ ಇಲ್ಲದ ಅಧ್ಯಯನ ಎಂಬುದನ್ನು ಮರೆಯಬಾರದು. 2018ರಲ್ಲಿ ಇಂಗ್ಲೆಂಡಿನಲ್ಲಿ ಲೀ ಮತ್ತು ಸಂಗಡಿಗರು ಥೆರಾಬೈಟನ್ನು ಮರದ ಕಡ್ಡಿಯೊಂದಿಗೆ ಹೋಲಿಸಿದರು. ಎರಡೂ ಗುಂಪಿನವರ ಬಾಯಿ ಸುಧಾರಿಸಿತು, ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕಡ್ಡಿಯವರನ್ನು ಪೊಟ್ಟಣ ಕೊಟ್ಟು ಕಳಿಸಿಬಿಡದೆ, ಸರಿಯಾಗಿ ಕಲಿಸಿ, ಬೆನ್ನುಹತ್ತಿ ವಿಚಾರಿಸಿದರೆ ಕಡ್ಡಿಯೂ ಕೆಲಸ ಮಾಡುತ್ತದೆ ಎಂದೇ ಇದನ್ನು ಓದಿಕೊಳ್ಳಬೇಕು.

ಹಾಗಾಗಿ ಕೊಳ್ಳುವವರಿಗೆ ನೇರ ಮಾತು: ಕಡ್ಡಿಯಿಂದ ಶುರುಮಾಡಿ. ಹತ್ತು ವಾರ ತಪ್ಪದೆ ಮಾಡಿ, ಬರೆದಿಟ್ಟ ಅಳತೆ ಮೇಲೇರದೆ ನಿಂತಿದ್ದರೆ, ಕೈಯಲ್ಲಿ ಶಕ್ತಿಯಿದ್ದರೆ, ಹಲ್ಲುಸಾಲು ಗಟ್ಟಿಯಿದ್ದರೆ ಆಗ ಥೆರಾಬೈಟಿಗೆ ದುಡ್ಡು ಹಾಕಬಹುದು. ಮೊದಲ ದಿನವೇ ಸಾಲ ಮಾಡಿ ತರಿಸುವ ಅಗತ್ಯವಿಲ್ಲ.

ಬರೆದಿಟ್ಟ ಅಳತೆ ಎಂದೆ. ನಾಲ್ಕು ಸಾಧನಗಳ ಜೊತೆಗೂ ಬರಬೇಕಾದ, ಯಾವ ಡಬ್ಬಿಯಲ್ಲೂ ಇಲ್ಲದ ಐದನೆಯ ಸಾಧನ ಅದು. ಥೆರಾಬೈಟ್ ಬಳಸುವವರು ಯಾಕೆ ಮುಂದುವರಿಸುತ್ತಾರೆ, ಯಾಕೆ ಬಿಡುತ್ತಾರೆ ಎಂದು ನೆದರ್ಲೆಂಡ್ಸಿನ ಮೆಲ್ಷರ್ಸ್ ಮತ್ತು ಸಂಗಡಿಗರು ರೋಗಿಗಳನ್ನೇ ಕೂರಿಸಿ ಕೇಳಿ 2009ರಲ್ಲಿ ಬರೆದರು. ಫಲ ಕಣ್ಣಿಗೆ ಕಂಡವರು ಮುಂದುವರಿಸಿದರು. ನೋವು, ಭಯ, ಅಥವಾ ಅಳತೆ ಒಂದೇ ಕಡೆ ನಿಂತುಬಿಟ್ಟದ್ದು ಬಿಡಲು ಕಾರಣವಾಯಿತು. ವಾರಕ್ಕೆ ಅರ್ಧ ಮಿಲಿಮೀಟರ್ ಏರಿದರೆ ಬಾಯಿಗೆ ತಿಳಿಯುವುದಿಲ್ಲ, ಕಾಗದಕ್ಕೆ ತಿಳಿಯುತ್ತದೆ. ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ತಿಥಿಯ ಪಕ್ಕ ಅಂದು ಎಷ್ಟು ಬಾರಿ ಮಾಡಿದಿರೆಂದು ಗೀಟು ಹಾಕಿ, ಭಾನುವಾರಕ್ಕೊಮ್ಮೆ ಅಳತೆ ಬರೆಯಿರಿ.

ಅಳೆಯುವುದರಲ್ಲೂ ತಪ್ಪುತ್ತದೆ. ಶಾಲೆಯ ಸ್ಕೇಲಿನಲ್ಲಿ ಸೊನ್ನೆಯ ಗೆರೆ ತುದಿಯಲ್ಲಿರುವುದಿಲ್ಲ, ಕೆಲವು ಮಿಲಿಮೀಟರ್ ಒಳಗಿರುತ್ತದೆ. ತುದಿಯನ್ನು ಹಲ್ಲಿಗೆ ತಾಗಿಸಿ ಓದಿದರೆ ಅಷ್ಟೂ ಲೆಕ್ಕ ತಪ್ಪು. ಪ್ಲಾಸ್ಟಿಕ್ ಸ್ಕೇಲನ್ನು ಸೊನ್ನೆಗೆ ಸರಿಯಾಗಿ ಕತ್ತರಿಸಿ ಅಂಚು ಉಜ್ಜಿ ಇಟ್ಟುಕೊಳ್ಳಿ. ಯಾವಾಗಲೂ ಅದೇ ಎರಡು ಹಲ್ಲು, ಅದೇ ಹೊತ್ತು, ಬಿಸಿ ಟವೆಲಿನ ಅದೇ ಕ್ರಮದ ನಂತರ, ಮೂರು ಸಲ ಅಳೆದು ದೊಡ್ಡದನ್ನು ಬರೆಯಿರಿ. ಬೆಳಗ್ಗೆ ಬಾಯಿ ಬಿಗಿಯಿರುತ್ತದೆ, ಸಂಜೆಯದನ್ನು ಬೆಳಗಿನದರ ಜೊತೆ ಹೋಲಿಸಬೇಡಿ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಗೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಚಿಕಿತ್ಸೆ ಮುಗಿದ ಹೊತ್ತಿಗೆ ರೋಗಿಯ ಆತ್ಮವಿಶ್ವಾಸ ತೀರಾ ಕುಸಿದಿರುತ್ತದೆ, ಅದನ್ನು ಮರಳಿ ಕಟ್ಟುವುದೇ ಚೇತರಿಕೆಯ ತಿರುಳು ಎಂದು 2011ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರಾದ ಕ್ಲೇರ್ ಫಾಸ್ಟರ್ ಮತ್ತು ಡೆಬೊರಾ ಫೆನ್ಲನ್ ಬರೆದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಕೇಟ್ ಲೋರಿಗ್, ಮೂಲತಃ ನರ್ಸ್, ದೀರ್ಘಕಾಲದ ಕಾಯಿಲೆಯವರಿಗೆ ರೂಪಿಸಿದ ತರಬೇತಿಯಲ್ಲಿ ಒಂದು ಸರಳ ಪ್ರಶ್ನೆಯಿದೆ: ಈ ವಾರ ಇಷ್ಟು ಮಾಡಬಲ್ಲೆ ಎಂಬ ನಂಬಿಕೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟು? ಏಳಕ್ಕಿಂತ ಕಡಿಮೆ ಎಂದರೆ ಗುರಿಯನ್ನೇ ಇಳಿಸಬೇಕು. ದಿನಕ್ಕೆ ಐದು ಬಾರಿ ಎಂದಾಗ ‘ನೋಡುವಾ’ ಎಂಬ ಉತ್ತರ ಬಂದರೆ ಅದು ನಾಲ್ಕೋ ಐದೋ ಇದ್ದಂತೆ. ಮೂರು ಬಾರಿಗೆ ಒಪ್ಪಿಸಿ, ಎರಡು ವಾರ ನಡೆದ ಮೇಲೆ ನಾಲ್ಕು ಮಾಡಿಸುವುದು ಲೇಸು. ಡಿಸ್ಚಾರ್ಜ್ ದಿನ ನರ್ಸ್ ತೋರಿಸಿಕೊಟ್ಟಾಗ ತಲೆಯಾಡಿಸಿ ಬರಬೇಡಿ. ‘ಸಿಸ್ಟರ್, ಈಗ ನಾನು ಮಾಡಿ ತೋರಿಸ್ತೇನೆ, ತಪ್ಪಿದ್ರೆ ಹೇಳಿ’ ಎಂದು ಕೇಳಿ. ಎರಡು ವಾರ ಬಿಟ್ಟು ಯಾರಿಗೆ ಫೋನ್ ಮಾಡಬೇಕೆಂಬ ನಂಬರನ್ನೂ ಕೇಳಿ ಬರೆದುಕೊಳ್ಳಿ. ಎರಡೂ ಸಿಕ್ಕಿದರೆ ಕಡ್ಡಿಯ ಪೊಟ್ಟಣಕ್ಕೆ ಥೆರಾಬೈಟಿನ ಬೆಲೆ ಬಂದಂತೆ.

ಬಾಯಿ ಒಣಗಿದ್ದರೆ ಎಳೆತಕ್ಕೆ ಮುಂಚೆ ತುಟಿಯ ಮೂಲೆ ಒಡೆಯದಂತೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ಮುಕ್ಕಳಿಸಿ ಉಗುಳಿ. ಮಕ್ಕಳ ಬ್ರಷ್ ಕೊಳ್ಳಿ, ತಲೆ ಚಿಕ್ಕದಿರುತ್ತದೆ. ಹಲ್ಲು ಕೀಳಿಸಬೇಕಾದರೆ ರೇಡಿಯೇಷನ್ ಕೊಟ್ಟ ವೈದ್ಯರಿಗೆ ತಿಳಿಸದೆ ಕೀಳಿಸಬೇಡಿ.

ಯಾವ ಸಾಧನವನ್ನೂ ಮುಟ್ಟದೆ ಮೊದಲು ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಆಪರೇಷನ್ ಆಗಿ ಇನ್ನೂ ಹೊಲಿಗೆ ಮಾಯದಿದ್ದರೆ, ತೊಡೆಯಿಂದಲೋ ಎದೆಯಿಂದಲೋ ಮಾಂಸ ತೆಗೆದು ಕೆನ್ನೆಗೆ ಹಾಕಿದ್ದರೆ, ಸರ್ಜನ್ ಸರಿ ಎಂದ ಮೇಲೆಯೇ ಆರಂಭ. ಬಾಯೊಳಗೆ ಮೂಳೆ ಕಂಡರೆ, ಕೀವು, ದುರ್ವಾಸನೆ ಬಂದರೆ, ಹಲ್ಲು ಅಲುಗಿದರೆ ನಿಲ್ಲಿಸಿ. ತಪ್ಪದೆ ವ್ಯಾಯಾಮ ಮಾಡುತ್ತಿದ್ದರೂ ಎರಡು ವಾರದಲ್ಲಿ ನಾಲ್ಕೈದು ಮಿಲಿಮೀಟರ್ ಕಡಿಮೆಯಾದರೆ, ಹೊಸ ನೋವು ಅಥವಾ ಗಂಟು ಕಾಣಿಸಿದರೆ, ಮುಂದಿನ ಚೆಕಪ್ಪಿನ ತಾರೀಕಿಗೆ ಕಾಯಬೇಡಿ. ರೋಗ ಮರಳಿದ್ದರ ಸುಳಿವು ಅದಾಗಿರಬಹುದು. ಹೋಗುವಾಗ ಕ್ಯಾಲೆಂಡರಿನ ಹಾಳೆಗಳನ್ನೂ ಹರಿದು ತೆಗೆದುಕೊಂಡು ಹೋಗಿ, ವೈದ್ಯರಿಗೆ ಅದಕ್ಕಿಂತ ಉಪಯೋಗದ ಕಾಗದ ಇಲ್ಲ.

ಇನ್ನು ಅಡಿಕೆಯ ಕೊನೆಕೊಯ್ಲಿನ ಕಾಲದ ಮಾತು. ರಾತ್ರಿ ಅಂಗಳದಲ್ಲಿ ಸುಲಿಯುವವರ ಸಾಲು, ಹಂಡೆಯಲ್ಲಿ ಚೊಗರಿನ ವಾಸನೆ, ಎಲೆ ಅಡಿಕೆಯ ತಟ್ಟೆ ಕೈಯಿಂದ ಕೈಗೆ ಸಾಗುತ್ತಿರುತ್ತದೆ. ಐದು ಬಾರಿಯ ವ್ಯಾಯಾಮದಲ್ಲಿ ಮೂರು ತಪ್ಪುವುದು ಆ ತಿಂಗಳುಗಳಲ್ಲೇ, ಬಿಟ್ಟ ಅಡಿಕೆ ಮತ್ತೆ ಬಾಯಿಗೆ ಬರುವುದೂ ಆಗಲೇ. ಅಡಿಕೆಯನ್ನು, ತಂಬಾಕು ಸೇರದಿದ್ದರೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ಬಾಯಲ್ಲಿ ನಾರು ಕಟ್ಟಿಸುವುದೂ ಅದೇ. ಒಂದು ಕಡೆ ಕಡ್ಡಿಯಿಂದ ಬಿಡಿಸುತ್ತ ಇನ್ನೊಂದು ಕಡೆ ಹೋಳು ಅಗಿದರೆ ಬಿಡಿಸಿದ್ದೆಲ್ಲ ಮತ್ತೆ ಬಿಗಿಯುತ್ತದೆ. ತೋಟ ಬೇರೆ, ಬಾಯಿ ಬೇರೆ. ಆ ಎರಡು ಮೂರು ತಿಂಗಳು ಕಡ್ಡಿಯ ಡಬ್ಬಿಯನ್ನು ಅಡುಗೆಮನೆಯಿಂದ ತೆಗೆದು ಸುಲಿಯುವ ಜಾಗದ ಪಕ್ಕದಲ್ಲೇ ಇಡಿ. ತಟ್ಟೆ ಹತ್ತಿರ ಬಂದಾಗ ಕಡ್ಡಿ ಕಟ್ಟು ಬಾಯಲ್ಲಿರಲಿ, ಮನೆಯ ಮಕ್ಕಳು ಯಾರಾದರೂ 30ರವರೆಗೆ ಎಣಿಸಲಿ.